ವೇಶ್ಯೆ, ಸೂಳೆ, ಪ್ರಾಸ್ಟಿಟ್ಯೂಟ್: ಈ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪದಗಳನ್ನು ನಮ್ಮಲ್ಲಿ ಬಹಳ ಜನ ಮೊದಲು ಬೈಗುಳವಾಗಿ ಕೇಳಿರುತ್ತೇವೆ. ಅರ್ಥ ಗೊತ್ತಾಗೋದು ಆಮೇಲೆ. ಎಲ್ಲಿಂದ ಬಂತು, ಮೊದಲು ಏನು ಹೇಳುತ್ತಿತ್ತು ಅಂತ ಯೋಚಿಸುವವರು ಇನ್ನೂ ಕಮ್ಮಿ. ಆದರೆ ಈ ಪದಗಳು ಬದುಕಿರುವ ಹೆಂಗಸರ ಮೇಲೆ ಬೀಳುತ್ತವೆ, ಅವರ ಮಕ್ಕಳ ಮೇಲೂ ಬೀಳುತ್ತವೆ. ಅದಕ್ಕೇ ಜನ ಜಾಸ್ತಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿ ಉತ್ತರ ಬರೆದಿದ್ದೇನೆ.

ಪ್ರಾಸ್ಟಿಟ್ಯೂಷನ್ ಅನ್ನುವ ಇಂಗ್ಲಿಷ್ ಪದದ ಮೂಲ ಯಾವುದು?

ಲ್ಯಾಟಿನ್. ಪ್ರೋ ಅಂದರೆ ಮುಂದೆ, ಸ್ಟಾಟುಯೆರೆ ಅಂದರೆ ನಿಲ್ಲಿಸು. ಎರಡೂ ಸೇರಿ ಪ್ರೋಸ್ಟಿಟುಯೆರೆ: ಎಲ್ಲರ ಕಣ್ಣಿಗೆ ಬೀಳುವ ಹಾಗೆ ಮುಂದೆ ತಂದು ನಿಲ್ಲಿಸು, ಮಾರಾಟಕ್ಕೆ ಇಡು. ಸ್ಟ್ಯಾಚ್ಯೂ, ಇನ್‌ಸ್ಟಿಟ್ಯೂಟ್, ಕಾನ್‌ಸ್ಟಿಟ್ಯೂಷನ್ ಎಲ್ಲವೂ ಇದೇ ಸ್ಟಾಟುಯೆರೆಯ ಮಕ್ಕಳು. ಇಂಗ್ಲಿಷಿಗೆ ಇದು 16ನೇ ಶತಮಾನದಲ್ಲಿ ಕ್ರಿಯಾಪದವಾಗಿ ಬಂತು, ವ್ಯಕ್ತಿಯನ್ನು ಕರೆಯುವ ಹೆಸರಾಗಿದ್ದು 17ನೇ ಶತಮಾನದ ಆರಂಭದಲ್ಲಿ.

ಇಲ್ಲಿ ಒಂದು ವಿಷಯ ಗಮನಿಸಿ. ಪ್ರಾಸ್ಟಿಟ್ಯೂಟ್ ಅನ್ನೋದು ವ್ಯಾಕರಣದ ಪ್ರಕಾರ ಕರ್ಮಣಿ ರೂಪದಿಂದ ಬಂದದ್ದು. ಅಂದರೆ ತಾನೇ ಬಂದು ನಿಂತವಳಲ್ಲ, ಇನ್ಯಾರೋ ತಂದು ನಿಲ್ಲಿಸಿದವಳು. ರೋಮಿನಲ್ಲಿ ಈ ಕೆಲಸದಲ್ಲಿದ್ದ ಎಷ್ಟೋ ಹೆಂಗಸರು ಗುಲಾಮರು. ಅವರನ್ನು ಮುಂದೆ ನಿಲ್ಲಿಸಿ ದುಡ್ಡು ಎಣಿಸಿಕೊಳ್ಳುತ್ತಿದ್ದವನು ಯಜಮಾನ. ಶತಮಾನಗಳು ಕಳೆದ ಮೇಲೆ ಪದದಿಂದ ಆ ಯಜಮಾನ ಮಾಯವಾದ, ಹೆಂಗಸು ಮಾತ್ರ ಉಳಿದಳು. ನನಗೆ ಈ ಪದದ ಚರಿತ್ರೆಯಲ್ಲಿ ತುಂಬಾ ಕಾಡುವುದು ಇದೇ.

ರೋಮನ್ನರು, ಗ್ರೀಕರು ಬೇರೆ ಪದ ಬಳಸುತ್ತಿರಲಿಲ್ವಾ?

ಬೇಕಾದಷ್ಟು. ರೋಮಿನಲ್ಲಿ ಸಾಮಾನ್ಯ ಪದ ಮೆರೆಟ್ರಿಕ್ಸ್, ಗಳಿಸುವವಳು ಅಂತ. ತುಚ್ಛವಾಗಿ ಹೇಳುವಾಗ ಲೂಪಾ, ಅಂದರೆ ಹೆಣ್ಣು ತೋಳ. ಅದರಿಂದಲೇ ವೇಶ್ಯಾಗೃಹಕ್ಕೆ ಲೂಪಾನಾರ್ ಅನ್ನುವ ಹೆಸರು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪೊಂಪೇಯಿ ಪಟ್ಟಣದಲ್ಲಿ ಅಂಥ ಒಂದು ಕಟ್ಟಡ ಇವತ್ತಿಗೂ ನಿಂತಿದೆ, ಸಣ್ಣ ಸಣ್ಣ ಕೋಣೆಗಳು, ಕಲ್ಲಿನ ಮಂಚಗಳು. ಗ್ರೀಕಿನ ಪೋರ್ನೆ ಅನ್ನುವ ಪದದ ಬೇರು 'ಮಾರು' ಎನ್ನುವ ಕ್ರಿಯಾಪದ. ಪೋರ್ನೋಗ್ರಫಿ ಹುಟ್ಟಿದ್ದು ಇದರಿಂದಲೇ. ಶ್ರೀಮಂತರ ಸಹವಾಸದಲ್ಲಿದ್ದ, ಓದುಬರಹ ಸಂಗೀತ ಬಲ್ಲ ಹೆಂಗಸರಿಗೆ ಮಾತ್ರ ಹೆಟೈರಾ, ಅಂದರೆ ಸಂಗಾತಿ, ಅನ್ನುತ್ತಿದ್ದರು. ಬಡವರಿಗೆ ಒಂದು ಪದ, ದೊಡ್ಡವರ ಮನೆಗೆ ಹೋಗುವವಳಿಗೆ ಇನ್ನೊಂದು.

ವೇಶ್ಯೆ ಅನ್ನೋದು ವೇಷದಿಂದ ಬಂತಾ? ವೈಶ್ಯರಿಗೂ ಅದಕ್ಕೂ ಸಂಬಂಧ ಇದೆಯಾ?

ವೇಷ ಹಾಕಿಕೊಂಡು ಮರುಳು ಮಾಡುವವಳು ವೇಶ್ಯೆ ಅಂತ ಕೆಲವರು ಹೇಳೋದುಂಟು. ಸಂಸ್ಕೃತದಲ್ಲಿ ದಾರಿ ಬೇರೆ ಇದೆ. ವಿಶ್ ಅನ್ನುವ ಧಾತುವಿಗೆ ಒಳಗೆ ಹೋಗು, ನೆಲೆಸು ಅನ್ನುವ ಅರ್ಥ. ಅದರಿಂದ ವೇಶ, ಅಂದರೆ ಮನೆ, ಬಿಡಾರ, ಆಮೇಲೆ ಗಣಿಕೆಯರು ವಾಸಿಸುವ ಕೇರಿ. ಆ ಕೇರಿಯವಳು ವೇಶ್ಯೆ. ಪ್ರವೇಶ, ನಿವೇಶನ ಕೂಡ ಇದೇ ಧಾತುವಿನವು. ವೈಶ್ಯ ಅನ್ನೋದೂ ನೆಲೆಸಿದ ಜನ ಅನ್ನುವ ಅರ್ಥದ ವಿಶ್‌ನಿಂದಲೇ ಬಂದಿದೆ, ಆದರೆ ಎರಡು ಪದಗಳೂ ಬೇರೆ ಬೇರೆ ದಾರಿ ಹಿಡಿದು ಸಾವಿರಾರು ವರ್ಷ ಆಯ್ತು. ಒಂದನ್ನು ಹಿಡಿದು ಇನ್ನೊಂದನ್ನು ಗೇಲಿ ಮಾಡುವುದಕ್ಕೆ ಅರ್ಥವಿಲ್ಲ. ಬರೆಯುವಾಗ ಕಾಗುಣಿತದ ಕಡೆ ಗಮನ ಇಡಿ, ಅಷ್ಟೇ.

ಗಣಿಕೆ, ವಾರಾಂಗನೆ, ರೂಪಾಜೀವೆ, ಇವೆಲ್ಲ ಒಂದೇನಾ?

ನಿಘಂಟಿನಲ್ಲಿ ಒಂದರ ಪಕ್ಕ ಒಂದು ಇಟ್ಟಿರುತ್ತಾರೆ. ಆದರೆ ಆ ಕಾಲದ ವ್ಯವಸ್ಥೆಯಲ್ಲಿ ಒಂದೇ ಆಗಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗಣಿಕಾಧ್ಯಕ್ಷ ಅನ್ನುವ ಅಧಿಕಾರಿಗೆಂದೇ ಒಂದು ಅಧ್ಯಾಯ ಇದೆ. ಗಣಿಕೆ ರಾಜನ ಸೇವೆಯಲ್ಲಿರುವವಳು, ಅವಳಿಗೆ 1,000 ಪಣ ಗೊತ್ತುಮಾಡಲಾಗಿದೆ. ರೂಪಾಜೀವೆ, ಅಂದರೆ ರೂಪದಿಂದ ಜೀವನ ಮಾಡುವವಳು, ಸ್ವತಂತ್ರವಾಗಿ ದುಡಿದು ತಿಂಗಳಿಗೆ ಎರಡು ದಿನದ ಗಳಿಕೆಯನ್ನು ಅರಮನೆಗೆ ತೆರಿಗೆ ಕಟ್ಟಬೇಕು. ವಾರಾಂಗನೆಯಲ್ಲಿರುವ ವಾರಕ್ಕೆ ಸರದಿ ಅನ್ನುವ ಅರ್ಥ. ಇನ್ನೊಂದು ಪದ ಪಣ್ಯಸ್ತ್ರೀ, ಪಣ್ಯ ಅಂದರೆ ಸರಕು. ಓದುವಾಗ ಹೊಟ್ಟೆ ತೊಳಸುವ ಪದ ಅದು, ಆದರೆ ಶಾಸ್ತ್ರಗ್ರಂಥಗಳಲ್ಲಿ ಸಲೀಸಾಗಿ ಬರುತ್ತೆ.

ಬುದ್ಧನ ಕಾಲದ ವೈಶಾಲಿಯ ಆಮ್ರಪಾಲಿ ಗಣಿಕೆ. ಬುದ್ಧ ಅವಳ ಮನೆಯ ಊಟದ ಆಹ್ವಾನ ಒಪ್ಪಿದ ಮೇಲೆ ಲಿಚ್ಛವಿ ರಾಜಕುಮಾರರು ಬಂದು ಕರೆದರೂ ಹೋಗಲಿಲ್ಲ, ಮಾತು ಕೊಟ್ಟಾಗಿದೆ ಅಂದ ಎಂದು ಬೌದ್ಧ ಗ್ರಂಥಗಳು ಹೇಳುತ್ತವೆ. ಮುಂದೆ ಅವಳು ಭಿಕ್ಷುಣಿಯಾದಳು. ಅವಳ ಹೆಸರಿನಲ್ಲಿ ಪಾಲಿ ಭಾಷೆಯ ಪದ್ಯಗಳೂ ಉಳಿದಿವೆ.

ಸೂಳೆ ಅನ್ನೋದು ಅಚ್ಚಗನ್ನಡ ಪದವಾ?

ಎರಡು ಅಭಿಪ್ರಾಯ ಇವೆ. ಸಂಸ್ಕೃತದ ಶೂಲಾ ಅನ್ನುವ ಪದದ ತದ್ಭವ ಅಂತ ಒಂದು. ಹಳಗನ್ನಡದಲ್ಲಿ ಸೂಳ್ ಅಂದರೆ ಸರದಿ, ಬಾರಿ. ಅದರಿಂದ ಸೂಳೆ ಬಂತು ಅಂತ ಇನ್ನೊಂದು. ನನಗೆ ಎರಡನೆಯದೇ ಹೆಚ್ಚು ಹಿಡಿಸುತ್ತೆ. ಕಾರಣ, ಸಂಸ್ಕೃತದ ವಾರಾಂಗನೆಯಲ್ಲೂ ಅದೇ ಸರದಿಯ ಅರ್ಥ ಇದೆ, ಮತ್ತು ದೇವಸ್ಥಾನದಲ್ಲಿ ಸರದಿಯ ಮೇಲೆ ಸೇವೆ ಮಾಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಒಟ್ಟಿನಲ್ಲಿ ಪದ ಮಾತ್ರ ಬಹಳ ಹಳೆಯದು. ಹಳಗನ್ನಡ ಕಾವ್ಯಗಳಲ್ಲಿ ಪಟ್ಟಣದ ವರ್ಣನೆ ಬಂದರೆ ಸೂಳೆಗೇರಿಯ ವರ್ಣನೆಯೂ ಬರುವುದು ವಾಡಿಕೆಯಾಗಿತ್ತು.

ಅದು ಮೊದಲಿನಿಂದಲೂ ಬೈಗುಳವೇ ಆಗಿತ್ತಾ?

ಇಲ್ಲ. ಇದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು.

ಮೊದಲು ಶಾಸನಗಳನ್ನು ನೋಡಿ. ಕರ್ನಾಟಕದ ಎಷ್ಟೋ ಕಲ್ಲುಬರಹಗಳಲ್ಲಿ ದೇಗುಲಕ್ಕೆ ಭೂಮಿ ಬಿಡುವಾಗ ಪೂಜಾರಿ, ವಾದ್ಯದವರು, ಹೂವಿನವರ ಜೊತೆಗೆ ಸೂಳೆಯರಿಗೂ ಪಾಲು ಬರೆದಿರುತ್ತಾರೆ. ಅಲ್ಲಿ ಅದು ಒಂದು ಉದ್ಯೋಗದ ಹೆಸರು. ಕಲ್ಲಿನ ಮೇಲೆ ಕೆತ್ತಿಸಿ ಊರ ನಡುವೆ ನಿಲ್ಲಿಸುವಾಗ ಯಾರಿಗೂ ನಾಚಿಕೆ ಆಗಿರಲಿಲ್ಲ.

12ನೇ ಶತಮಾನದ ಶರಣೆಯರಲ್ಲಿ ಒಬ್ಬಳ ಹೆಸರು ಸೂಳೆ ಸಂಕವ್ವೆ. ಅಂಕಿತ ನಿರ್ಲಜ್ಜೇಶ್ವರ. ಅವಳದು ಅಂತ ನಮಗೆ ಸಿಕ್ಕಿರುವುದು ಒಂದೇ ವಚನ. ಒಬ್ಬನಿಂದ ಒತ್ತೆ, ಅಂದರೆ ಸಂಭಾವನೆ ಹಿಡಿದ ಮೇಲೆ ಇನ್ನೊಬ್ಬನ ಒತ್ತೆ ಹಿಡಿದರೆ ಬತ್ತಲೆ ನಿಲ್ಲಿಸಿ ಕೊಲ್ಲುತ್ತಾರೆ, ವ್ರತ ಇಲ್ಲದವನ ಜೊತೆ ಸೇರಿದರೆ ಕಾದ ಕತ್ತಿಯಿಂದ ಕೈ, ಕಿವಿ, ಮೂಗು ಕೊಯ್ಯುತ್ತಾರೆ, ಅದಕ್ಕೆ ನಾನು ಒಲ್ಲೆ ಅನ್ನುತ್ತಾಳೆ. ಅವಳ ಕಸುಬಿಗೆ ಎಂಥ ಕ್ರೂರ ಕಟ್ಟಳೆ ಇತ್ತು ಅನ್ನೋದು ಅದರಲ್ಲಿ ಕಾಣುತ್ತೆ. ಅದನ್ನೇ ಅವಳು ಭಕ್ತಿಯ ನಿಷ್ಠೆಗೆ ಮಾತಾಗಿ ಮಾಡಿಕೊಂಡಳು. ಶರಣರು ಅವಳ ವಚನವನ್ನು ಕಾಪಾಡಿದರು, ಹೆಸರಿನ ಮುಂದಿದ್ದ ಪದವನ್ನು ಅಳಿಸಲಿಲ್ಲ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ ಅನ್ನುವ ಹಾಗೆಯೇ ಕಸುಬಿನ ಹೆಸರಿನೊಂದಿಗೆ ಅವಳೂ ನಿಂತಿದ್ದಾಳೆ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಗೊತ್ತಲ್ವಾ? ದಾವಣಗೆರೆ, ಚಿತ್ರದುರ್ಗದ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ಐತಿಹ್ಯದ ಪ್ರಕಾರ ಶಾಂತವ್ವ ಅನ್ನುವ ರಾಜಕುಮಾರಿ ಕೆರೆ ಕಟ್ಟಿಸಲು ಹೊರಟಾಗ ಆ ಜಾಗ ಸೂಳೆಯರದಾಗಿತ್ತು. ಕೆರೆಗೆ ನಮ್ಮ ಹೆಸರಿಡುವುದಾದರೆ ಬಿಟ್ಟುಕೊಡುತ್ತೇವೆ ಅಂದರಂತೆ ಅವರು. ಈಗ ಸರ್ಕಾರಿ ಬೋರ್ಡಿನಲ್ಲಿ ಶಾಂತಿಸಾಗರ ಅಂತಿದೆ. ಹೆಸರು ಬದಲಿಸಿದವರಿಗೆ ಮುಜುಗರ ಆಗಿರಬಹುದು, ಅರ್ಥ ಆಗುತ್ತೆ. ಆದರೆ ಐತಿಹ್ಯವನ್ನು ನಂಬುವುದಾದರೆ ಜಾಗ ಕೊಟ್ಟವರು ಕೇಳಿದ್ದು ಹೆಸರೊಂದನ್ನೇ. ಅದನ್ನೂ ಕಿತ್ತುಕೊಂಡದ್ದು ಸರಿ ಅಂತ ನನಗೆ ಅನ್ನಿಸಲ್ಲ. ಜನ ಇವತ್ತಿಗೂ ಸೂಳೆಕೆರೆ ಅಂತಲೇ ಕರೆಯುತ್ತಾರೆ.

ಹಂಪಿಯಲ್ಲೂ ಇದೆ. ಅಚ್ಯುತರಾಯ ದೇವಸ್ಥಾನದ ಮುಂದಿನ ಉದ್ದನೆಯ ಬೀದಿಗೆ ಸೂಳೆ ಬಜಾರ್ ಅಂತಾರೆ. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ನಗರದ 12,000 ಕಾವಲುಗಾರರ ಸಂಬಳ ವೇಶ್ಯಾಗೃಹಗಳ ಆದಾಯದಿಂದಲೇ ಬರುತ್ತೆ ಅಂತ ಬರೆದಿಟ್ಟಿದ್ದಾನೆ. ಇದನ್ನು ಓದಿ ಆ ಕಾಲದಲ್ಲಿ ಅವರಿಗೆ ಭಾರಿ ಗೌರವ ಇತ್ತು ಅಂತ ತೀರ್ಮಾನಿಸಬೇಡಿ. ರಾಜ್ಯಕ್ಕೆ ಅವರ ದುಡ್ಡು ಬೇಕಿತ್ತು ಅನ್ನೋದು ಮಾತ್ರ ಅದರಿಂದ ಖಚಿತ.

ಪಾತರದವಳು ಅಂದರೆ? ಪಾತರಗಿತ್ತಿಗೂ ಅದಕ್ಕೂ ಸಂಬಂಧ ಇದೆಯಂತೆ?

ಇದೆ. ಪಾತ್ರ ಅಂದರೆ ಶಾಸನಗಳ ಭಾಷೆಯಲ್ಲಿ ನರ್ತಕಿ. ಅದು ಆಡುಮಾತಿನಲ್ಲಿ ಪಾತರ ಆಯ್ತು, ಕುಣಿಯುವವಳು ಪಾತರದವಳು, ಪಾತರಗಿತ್ತಿ. ಉತ್ತರ ಕರ್ನಾಟಕದಲ್ಲಿ ಚಿಟ್ಟೆಗೂ ಪಾತರಗಿತ್ತಿ ಅನ್ನುತ್ತಾರೆ. ಬಣ್ಣದ ಸೀರೆಯುಟ್ಟು ಕುಣಿಯುವವಳ ಹೆಸರು ಹುಳಕ್ಕೆ ಹೋಗಿ ಅಲ್ಲಿ ಚೆಂದದ ಪದವಾಗಿ ಉಳಿಯಿತು, ಹೆಂಗಸಿನ ಪಾಲಿಗೆ ಅದೇ ಪದ ಕೀಳಾಯಿತು.

ದೇವದಾಸಿ ಅಂದರೆ ವೇಶ್ಯೆ ಅಂತಲೇ ಅಲ್ವಾ?

ಅಲ್ಲ. ಆದರೆ 'ಇಲ್ಲವೇ ಇಲ್ಲ' ಅಂತ ಸುಮ್ನೆ ಹೇಳಿ ಮುಗಿಸುವ ಹಾಗೂ ಇಲ್ಲ.

ದೇವಸ್ಥಾನದಲ್ಲಿ ಹಾಡು, ಕುಣಿತ, ಆರತಿಯ ಸೇವೆ ಮಾಡುತ್ತಿದ್ದ ಹೆಂಗಸರು, ಹೆಣ್ಣುಮಕ್ಕಳೇ ಆಸ್ತಿ ಪಡೆಯುತ್ತಿದ್ದ ಮನೆತನಗಳು, ಒಬ್ಬ ಶ್ರೀಮಂತನ ಆಶ್ರಯದಲ್ಲಿ ಬಾಳುತ್ತಿದ್ದವರು, ಹಳ್ಳಿಯ ಬಸವಿಯರು, ಎಲ್ಲಮ್ಮನ ಜೋಗತಿಯರು, ಎಲ್ಲರೂ ಬೇರೆ ಬೇರೆ. ಬ್ರಿಟಿಷರ ಆಡಳಿತ ಬಂದ ಮೇಲೆ ಇವರೆಲ್ಲ ಒಂದೇ ಕಾಲಂ ಅಡಿಯಲ್ಲಿ ಪ್ರಾಸ್ಟಿಟ್ಯೂಟ್ ಆದರು. 1860ರ ದಂಡಸಂಹಿತೆಯ 372, 373ನೇ ಕಲಮುಗಳು ವೇಶ್ಯಾವೃತ್ತಿಗಾಗಿ ಅಪ್ರಾಪ್ತ ಹುಡುಗಿಯರನ್ನು ಮಾರುವುದನ್ನು, ಕೊಳ್ಳುವುದನ್ನು ಅಪರಾಧ ಮಾಡಿದವು. ಗುಡಿಗೆ ಬಿಡುವುದೂ ಇದರ ಅಡಿ ಬರುತ್ತಾ ಅಂತ ಕೋರ್ಟುಗಳಲ್ಲಿ ವಾದ ನಡೆಯಿತು. ಅದೇ ಕಾಲದಲ್ಲಿ, 1868ರ ಕಾಯ್ದೆಯಡಿ, ಬ್ರಿಟಿಷ್ ಸೈನಿಕರಿಗೆ ಗುಹ್ಯರೋಗ ತಗುಲಬಾರದು ಅಂತ ಹೆಂಗಸರನ್ನು ನೋಂದಾಯಿಸಿ ಬಲವಂತದ ತಪಾಸಣೆಗೆ ಎಳೆಯುತ್ತಿದ್ದರು. ಸೈನಿಕನಿಗೆ ಆ ಅವಮಾನ ಇರಲಿಲ್ಲ.

ಮೈಸೂರು ಸಂಸ್ಥಾನ 1909ರಲ್ಲೇ ಮುಜರಾಯಿ ದೇವಸ್ಥಾನಗಳ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಮದ್ರಾಸಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಈ ಪದ್ಧತಿ ನಿಲ್ಲಿಸುವ ಕಾನೂನಿಗಾಗಿ ಹೋರಾಡಿದರು. ಅವರ ತಾಯಿಯೂ ದೇವದಾಸಿ ಮನೆತನದವರೇ. ಇನ್ನೊಂದು ಕಡೆ ನಮ್ಮ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮ ನಿಂತರು. ನಮ್ಮದು ಕಲೆಯ, ದೇವರ ಸೇವೆಯ ಪರಂಪರೆ, ನಮ್ಮನ್ನು ವೇಶ್ಯೆಯರ ಜೊತೆ ಸೇರಿಸಬೇಡಿ ಅಂತ ಅವರಿದ್ದ ದೇವದಾಸಿಯರ ಸಂಘ ಮನವಿ ಕೊಟ್ಟಿತು. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಯ ಗುಡಿ ಕಟ್ಟಿಸಿದವರು ಇದೇ ನಾಗರತ್ನಮ್ಮ. ಇಬ್ಬರಲ್ಲಿ ಒಬ್ಬರನ್ನು ಖಳನಾಯಕಿ ಮಾಡಿ ಕಥೆ ಹೇಳುವುದು ನನಗೆ ಇಷ್ಟವಿಲ್ಲ, ಇಬ್ಬರ ಮಾತಿನಲ್ಲೂ ಸತ್ಯ ಇತ್ತು. ಮದ್ರಾಸಿನ ಕಾಯ್ದೆ 1947ರಲ್ಲಿ ಬಂತು. ಬೆಳಗಾವಿ, ವಿಜಯಪುರ, ಧಾರವಾಡ ಸೇರಿದ್ದ ಮುಂಬೈ ಪ್ರಾಂತ್ಯದಲ್ಲಿ 1934ರಲ್ಲೇ ಕಾಯ್ದೆ ಆಗಿತ್ತು.

ಆದರೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಡೆದದ್ದು ಸಂಗೀತ, ನೃತ್ಯದ ಕಥೆ ಅಲ್ಲ. ಅಲ್ಲಿ ಮುತ್ತು ಕಟ್ಟಿಸಿಕೊಂಡವರು, ಅಂದರೆ ದೇವರಿಗೆ ಬಿಡಲ್ಪಟ್ಟವರು, ಹೆಚ್ಚಾಗಿ ದಲಿತರ ಮನೆಯ ಹುಡುಗಿಯರು. ಬರ, ಬಡತನ, ಮನೆಯಲ್ಲಿ ಗಂಡುಮಕ್ಕಳಿಲ್ಲ, ಮಗುವಿನ ಕೂದಲು ಗಂಟುಗಟ್ಟಿ ಜಡೆಯಾಯಿತು, ಹೀಗೆ ಏನೋ ಒಂದು ಕಾರಣ. ಮುತ್ತು ಕಟ್ಟಿದ ಮೇಲೆ ಅವಳಿಗೆ ಮದುವೆ ಇಲ್ಲ, ಊರಿನ ಉಳ್ಳವರಿಗೆ ಅವಳ ಮೇಲೆ ಹಕ್ಕು ಇದ್ದ ಹಾಗೆ. ಎಷ್ಟೋ ಜನ ಮುಂಬೈ, ಪುಣೆ, ಸಾಂಗ್ಲಿಯ ಕೇರಿಗಳಿಗೆ ಸೇರಿದರು. 1982ರ ಕರ್ನಾಟಕದ ಕಾಯ್ದೆ ದೇವರಿಗೆ ಬಿಡುವುದನ್ನು ಅಪರಾಧ ಮಾಡಿತು. ಆಮೇಲಿನ ಎರಡು ಸರ್ಕಾರಿ ಸಮೀಕ್ಷೆಗಳಲ್ಲಿ 46,000ಕ್ಕೂ ಹೆಚ್ಚು ಮಾಜಿ ದೇವದಾಸಿಯರ ಹೆಸರು ದಾಖಲಾಗಿದೆ. ಇವರನ್ನು ವೇಶ್ಯೆ ಅಂದರೆ ಅವರಿಗೆ ಆದ ಅನ್ಯಾಯ ಮುಚ್ಚಿಹೋಗುತ್ತೆ. ಬರೀ ಪವಿತ್ರ ಪರಂಪರೆ ಅಂದರೂ ಅದೇ ಆಗುತ್ತೆ.

'ಪ್ರಪಂಚದ ಅತಿ ಹಳೆಯ ವೃತ್ತಿ' ಅನ್ನೋದು ನಿಜವಾ?

ಅದು ಚರಿತ್ರೆ ಅಲ್ಲ, ಒಂದು ಸಾಹಿತ್ಯದ ಮಾತು. ಜನಪ್ರಿಯ ಮಾಡಿದ್ದು ರುಡ್ಯಾರ್ಡ್ ಕಿಪ್ಲಿಂಗ್, 1888ರ ಒಂದು ಕಥೆಯ ಮೊದಲ ಸಾಲಿನಲ್ಲಿ. ಆ ಕಥೆ ನಡೆಯುವುದು ಲಾಹೋರಿನಲ್ಲಿ. ಬೇಟೆ, ಬೇಸಾಯ, ಸೂಲಗಿತ್ತಿತನ ಇವೆಲ್ಲ ಇದಕ್ಕಿಂತ ಹಿಂದಿನವು ಅನ್ನೋದಕ್ಕೆ ದೊಡ್ಡ ಸಂಶೋಧನೆ ಬೇಕಿಲ್ಲ. ಹಣಕ್ಕೆ ಬದಲಾಗಿ ಅನ್ನಬೇಕಾದರೆ ಮೊದಲು ಹಣ, ಪೇಟೆ ಇರಬೇಕಲ್ಲ. 'ಹಿಂದಿನಿಂದ ನಡೆದುಬಂದಿದೆ ಬಿಡಿ' ಅಂತ ಕೈತೊಳೆದುಕೊಳ್ಳುವುದಕ್ಕೆ ಈ ಮಾತು ಜಾಸ್ತಿ ಬಳಕೆಯಾಗುತ್ತಿದೆ.

ಭಾರತದ ಕಾನೂನು ಈ ಪದಕ್ಕೆ ಏನು ಅರ್ಥ ಕೊಡುತ್ತೆ?

ಇದು ಓದಲೇಬೇಕಾದ ಬದಲಾವಣೆ. ಮಾನವ ಸಾಗಾಣಿಕೆ ತಡೆಯುವ 1950ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ ಸಹಿ ಹಾಕಿತ್ತು, ಅದರಂತೆ 1956ರಲ್ಲಿ ಕಾಯ್ದೆ ಬಂತು. ಅದರ ಪ್ರಕಾರ ವೇಶ್ಯಾವೃತ್ತಿ ಅಂದರೆ ಒಬ್ಬ ಹೆಂಗಸು ಹಣಕ್ಕೋ ವಸ್ತುವಿಗೋ ತನ್ನ ದೇಹವನ್ನು ಹಲವರ ಜೊತೆಗಿನ ಸಂಭೋಗಕ್ಕೆ ಒಡ್ಡುವುದು. ಅಂದರೆ ಮಾಡುವವಳು ಅವಳೇ. 1986ರಲ್ಲಿ ತಿದ್ದುಪಡಿಯಾಗಿ ಕಾಯ್ದೆಯ ಹೆಸರು ಅನೈತಿಕ ಸಾಗಾಣಿಕೆ ತಡೆ ಕಾಯ್ದೆ ಅಂತಾಯ್ತು, ಅರ್ಥವೂ ಬದಲಾಯ್ತು: ವ್ಯಾಪಾರದ ಉದ್ದೇಶಕ್ಕೆ ವ್ಯಕ್ತಿಗಳನ್ನು ಲೈಂಗಿಕವಾಗಿ ಶೋಷಿಸುವುದು ಅಥವಾ ದುರುಪಯೋಗ ಮಾಡುವುದು. ಈಗ ಹೆಂಗಸು ಅನ್ನುವ ಪದವೇ ಅಲ್ಲಿಲ್ಲ, ಗಂಡಸರು, ಟ್ರಾನ್ಸ್‌ಜೆಂಡರ್ ವ್ಯಕ್ತಿಗಳೂ ಸೇರುತ್ತಾರೆ. ತಪ್ಪು ಮಾಡುವವನು ಶೋಷಿಸುವವನು.

ಹಾಗಾದರೆ ಅದು ಕಾನೂನುಬಾಹಿರವಾ, ಅಲ್ವಾ?

18 ದಾಟಿದ ವ್ಯಕ್ತಿ ಸ್ವಇಚ್ಛೆಯಿಂದ ಹಣಕ್ಕೆ ಲೈಂಗಿಕ ಸಂಪರ್ಕ ಮಾಡುವುದೇ ಅಪರಾಧ ಅಲ್ಲ. ವೇಶ್ಯಾಗೃಹ ನಡೆಸುವುದು, ಇನ್ನೊಬ್ಬರನ್ನು ಈ ಕೆಲಸಕ್ಕೆ ತಳ್ಳುವುದು, ಅವರ ದುಡಿಮೆಯ ಮೇಲೆ ಬದುಕುವುದು, ಸಾರ್ವಜನಿಕವಾಗಿ ಗಿರಾಕಿ ಕರೆಯುವುದು, ಶಾಲೆ, ಆಸ್ಪತ್ರೆ, ಗುಡಿಯಂಥ ಜಾಗಗಳ 200 ಮೀಟರ್ ಒಳಗೆ ನಡೆಸುವುದು ಅಪರಾಧ. ದುಡಿಮೆಯ ಮೇಲೆ ಬದುಕುವುದು ಅನ್ನುವ ಕಲಂ ನೋಡಿ, ಅವಳ ವಯಸ್ಸಾದ ತಾಯಿ, ಕಾಲೇಜಿಗೆ ಹೋಗುವ ಮಗ ಕೂಡ ಅದರಲ್ಲಿ ಸಿಕ್ಕಿಬೀಳಬಹುದು. ಇದು ಬದಲಾಗಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

2022ರ ಮೇ 19ರಂದು ಬುದ್ಧದೇವ್ ಕರ್ಮಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಮುಖ್ಯ. ಸಂವಿಧಾನದ 21ನೇ ವಿಧಿಯ ಘನತೆಯ ಬದುಕು ಇವರಿಗೂ ಸೇರಿದ್ದು, ದಾಳಿ ಮಾಡಿದಾಗ ಇವರನ್ನು ಬಂಧಿಸಬಾರದು, ದಂಡ ಹಾಕಬಾರದು, ಹಿಂಸಿಸಬಾರದು, ಮಾಧ್ಯಮಗಳು ಅವರ ಫೋಟೋ, ಗುರುತು ಬಯಲು ಮಾಡಬಾರದು ಅಂತ ಹೇಳಿತು. ಟಿವಿಯಲ್ಲಿ ದುಪಟ್ಟಾದಿಂದ ಮುಖ ಮುಚ್ಚಿಕೊಂಡು ಓಡುವ ಹುಡುಗಿಯರ ಬೆನ್ನು ಹತ್ತುವ ಕ್ಯಾಮೆರಾಗಳನ್ನು ನೀವೂ ನೋಡಿರುತ್ತೀರಿ. ಅದು ಈ ಆದೇಶಕ್ಕೆ ವಿರುದ್ಧ.

ಸೆಕ್ಸ್ ವರ್ಕರ್ ಅನ್ನುವ ಪದ ಯಾರು ತಂದರು?

ಅಮೆರಿಕದ ಕ್ಯಾರೋಲ್ ಲೀ ಅನ್ನುವ ಕಲಾವಿದೆ, 1970ರ ದಶಕದ ಕೊನೆಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಅವರೂ ಆ ಕೆಲಸದಲ್ಲಿದ್ದವರೇ. ಒಂದು ಸಮ್ಮೇಳನದ ಗೋಷ್ಠಿಯ ಹೆಸರಿನಲ್ಲಿ ಹೆಂಗಸು 'ಬಳಕೆಯಾಗುವವಳು' ಅನ್ನುವ ಧ್ವನಿ ಇತ್ತು. ಬಳಕೆ ಅನ್ನಬೇಡಿ, ಕೆಲಸ ಅನ್ನಿ, ಕೆಲಸ ಮಾಡುವವರು ನಾವು ಅಂದರು. ಅದೇ ಕನ್ನಡಕ್ಕೆ ಬಂದಾಗ ಲೈಂಗಿಕ ಕಾರ್ಯಕರ್ತೆ, ಲೈಂಗಿಕ ವೃತ್ತಿನಿರತೆ ಆಯ್ತು. ಕರ್ನಾಟಕ ಸರ್ಕಾರದ ಯೋಜನೆಗಳಲ್ಲಿ ದಮನಿತ ಮಹಿಳೆಯರು ಅನ್ನುವ ಪದವೂ ಇದೆ.

ಎಲ್ಲರೂ ಒಪ್ಪಿಲ್ಲ. ಸುಪ್ರೀಂ ಕೋರ್ಟ್ 2023ರ ಆಗಸ್ಟ್‌ನಲ್ಲಿ ನ್ಯಾಯಾಧೀಶರು, ವಕೀಲರಿಗಾಗಿ ಒಂದು ಕೈಪಿಡಿ ತಂದು, ಪ್ರಾಸ್ಟಿಟ್ಯೂಟ್ ಬದಲು ಸೆಕ್ಸ್ ವರ್ಕರ್ ಅನ್ನಿ ಅಂತ ಹೇಳಿತು. ಸಾಗಾಣಿಕೆ ವಿರುದ್ಧ ಕೆಲಸ ಮಾಡುವ ಸಂಸ್ಥೆಗಳು ಆಕ್ಷೇಪಿಸಿದವು. ಮೋಸಹೋಗಿ ಮಾರಾಟವಾದ ಹುಡುಗಿಯನ್ನೂ ಕೆಲಸಗಾರ್ತಿ ಅಂದರೆ ಅವಳೇ ಆರಿಸಿಕೊಂಡ ಹಾಗಾಗುತ್ತೆ ಅಂತ ಅವರ ವಾದ. ಅದೇ ವರ್ಷ ನವೆಂಬರ್‌ನಲ್ಲಿ ಕೈಪಿಡಿ ಬದಲಾಯಿತು. ಸಾಗಾಣಿಕೆಯಿಂದ ಪಾರಾದವರು, ವಾಣಿಜ್ಯ ಲೈಂಗಿಕ ಚಟುವಟಿಕೆಯಲ್ಲಿ ತೊಡಗಿದ ಮಹಿಳೆ, ಅದಕ್ಕೆ ಬಲವಂತವಾಗಿ ದೂಡಲ್ಪಟ್ಟ ಮಹಿಳೆ ಅಂತ ಬೇರೆ ಬೇರೆಯಾಗಿ ಹೇಳುವುದು ಬಂತು. ಉದ್ದ ಆಯ್ತು, ನಿಜ. ಆದರೆ ಮೂವರ ಬದುಕು ಬೇರೆ ಬೇರೆ.

ನಾವು ಏನಂತ ಕರೆಯಬೇಕು?

ಅವರು ಹೇಗೆ ಕರೆಸಿಕೊಳ್ಳಲು ಇಷ್ಟಪಡುತ್ತಾರೋ ಹಾಗೆ. ಮೈಸೂರಿನ ಆಶೋದಯ ಸಮಿತಿಯಂಥ ಸಂಘಟನೆಗಳಲ್ಲಿ ಲೈಂಗಿಕ ಕಾರ್ಯಕರ್ತೆ ಅನ್ನುವುದು ಬಳಕೆಯಲ್ಲಿದೆ. ಸಾಂಗ್ಲಿಯಲ್ಲಿ 1996ರಲ್ಲಿ ಶುರುವಾದ ಸಂಘಟನೆ ಬೇಕೆಂದೇ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ ಅಂತ ಹೆಸರಿಟ್ಟುಕೊಂಡಿತು. ಅದರಲ್ಲಿ ಗಡಿ ದಾಟಿ ಹೋದ ನಮ್ಮ ಕನ್ನಡದ ಹೆಣ್ಣುಮಕ್ಕಳೂ ಇದ್ದಾರೆ. ಬೈಗುಳವಾದ ಪದವನ್ನು ತಾವೇ ಎತ್ತಿಕೊಂಡರು. ಅದು ಅವರಿಗೆ ಬಿಟ್ಟದ್ದು, ಹಾಗಂತ ಹೊರಗಿನವರು ಅದೇ ಪದ ಎಸೆಯುವ ಹಾಗಿಲ್ಲ. ಎದುರಿಗೆ ಮಾತಾಡುವಾಗ ಅಕ್ಕ, ಅಮ್ಮ ಅನ್ನಿ, ಹೆಸರು ಹಿಡಿದು ಕರೆಯಿರಿ. ಬೇರೆ ಯಾರನ್ನೂ ನಾವು ಕಸುಬಿನ ಹೆಸರಿನಿಂದ ಕೂಗಿ ಕರೆಯೋದಿಲ್ವಲ್ಲ.

ಹೋಗುವ ಗಂಡಸಿಗೆ ಪದ ಇಲ್ವಾ?

ಹಳೆಯ ಕಾವ್ಯಗಳಲ್ಲಿ ವಿಟ ಅಂತಿತ್ತು. ಈಗ ಯಾರೂ ಬೈಯುವುದಕ್ಕೆ ಬಳಸೋದಿಲ್ಲ. ಕೇರಿಯಲ್ಲಿ ಗಿರಾಕಿ ಅನ್ನುತ್ತಾರೆ, ಅಂಗಡಿಗೆ ಬರುವವನಿಗೆ ಹೇಳುವ ಹಾಗೆ. ಮಧ್ಯೆ ನಿಂತು ದುಡ್ಡು ಹೊಡೆಯುವವನಿಗೆ ತಲೆಹಿಡುಕ, ಆ ಕೆಲಸ ಮಾಡುವವಳಿಗೆ ಕುಂಟಣಿ ಅನ್ನುವ ಪದಗಳಿವೆ. ಆದರೆ ಕೊಳ್ಳುವವನ ಮಗನಿಗೆ ಬೈಗುಳ ಇಲ್ಲ, ಅವಳ ಮಗನಿಗೆ ಮಾತ್ರ ಇದೆ. ನಮ್ಮಲ್ಲಿ ಬೋಳಿಮಗ ಅನ್ನೋದೂ ತಲೆ ಬೋಳಿಸಿಕೊಂಡ ವಿಧವೆಯ ಮೇಲೆ ಕಟ್ಟಿದ ಬೈಗುಳ. ಜಗಳ ಇಬ್ಬರು ಗಂಡಸರದು, ಬೈಸಿಕೊಳ್ಳುವವಳು ಅಲ್ಲೆಲ್ಲೂ ಇಲ್ಲದ ಒಬ್ಬ ತಾಯಿ. ಇದನ್ನು ಮನೆಯಲ್ಲಿ ಮಕ್ಕಳಿಗೆ ಬಿಡಿಸಿ ಹೇಳಿ, ಹತ್ತು ಹನ್ನೆರಡು ವರ್ಷದವರಿಗೆ ಅರ್ಥ ಆಗುತ್ತೆ.

ಹಾದರ ಅಂದರೂ ಇದೇನಾ?

ಅಲ್ಲ. ಹಾದರದಲ್ಲಿ ಹಣದ ಮಾತಿಲ್ಲ, ಅದು ಮದುವೆಯ ಹೊರಗಿನ ಸಂಬಂಧ.

ಯಾರನ್ನಾದರೂ ಬಲವಂತವಾಗಿ ಇದರಲ್ಲಿ ಇಟ್ಟಿದ್ದಾರೆ ಅಂತ ಗೊತ್ತಾದರೆ?

ಮಕ್ಕಳಾದರೆ 1098, ಹೆಂಗಸರಾದರೆ 181, ತುರ್ತು ಇದ್ದರೆ 112ಕ್ಕೆ ಕರೆ ಮಾಡಿ. ಮಾನವ ಸಾಗಾಣಿಕೆ ಈಗ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಅಡಿ ಅಪರಾಧ. ಕಾನೂನು ನೆರವಿಗೆ 15100 ಇದೆ, ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತವಾಗಿ ಸಿಗುತ್ತಾರೆ. ಫೋಟೋ ತೆಗೆದು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಡಿ. ಆ ಹುಡುಗಿ ನಾಳೆ ಊರಿಗೆ ವಾಪಸ್ ಹೋಗಬೇಕಾಗಿರುತ್ತೆ.